ಬೆಳಿಗ್ಗೆ ಕುನ್ನಿಗೆ ಸೂಜಿ ಮಾಡಿಸಿದೆವು, ಸಂಜೆಯಿಂದ ಏಳುತ್ತಿಲ್ಲ. ಇದು ಮಾಮೂಲಾ?

ವಿದ್ಯಾಗಿರಿ_ಮನೆ · ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಗೆ ಒಂದು ಹೆಣ್ಣು ಕುನ್ನಿ ಬಂದು ಹತ್ತು ದಿನ ಆಯಿತು. ಮುಧೋಳ ತಳಿಯ ಬೆರಕೆ. ಉದ್ದ ಕಾಲು, ತೆಳ್ಳನೆ ಮೈ, ಅದಕ್ಕೇ ಮಗಳು ಚಿಗರಿ ಅಂತ ಹೆಸರಿಟ್ಟಿದ್ದಾಳೆ. ಈಗ 55 ದಿನ, ತೂಕ ಎರಡೂವರೆ ಕೆಜಿ.

ಇವತ್ತು ಬೆಳಿಗ್ಗೆ 11ಕ್ಕೆ ಮೊದಲ ಸೂಜಿ ಮಾಡಿಸಿದೆವು. ಸೆವೆನ್ ಇನ್ ಒನ್ ಅಂದರು. ಕತ್ತಿನ ಹಿಂದೆ ಚುಚ್ಚಿದರು, ಕಾರ್ಡಿಗೆ ಸ್ಟಿಕರ್ ಅಂಟಿಸಿದರು, ಎರಡು ನಿಮಿಷದಲ್ಲಿ ಹೊರಗೆ ಬಂದೆವು. ಮುಂದೆ ಏನಾದರೂ ಆಗಬಹುದು ಅಂತ ಯಾರೂ ಹೇಳಲಿಲ್ಲ.

ಮಧ್ಯಾಹ್ನ ಚೆನ್ನಾಗಿಯೇ ಇತ್ತು. ಸಂಜೆ 5ರಿಂದ ಮೂಲೆ ಹಿಡಿದು ಮಲಗಿದೆ. ದಿನಾ ಹಾಲು-ರೊಟ್ಟಿ ಬಟ್ಟಲು ನೆಕ್ಕಿ ಇಡುತ್ತಿತ್ತು, ಇವತ್ತು ಮೂಸಿ ನೋಡಿ ಬಿಟ್ಟಿತು. ಕಿವಿ ಬಿಸಿ ಇದೆ. ಕತ್ತಿನ ಹತ್ತಿರ ಕೈ ಇಟ್ಟರೆ ಕುಂಯ್ ಅನ್ನುತ್ತದೆ. ಅತ್ತೆಯವರು ದೃಷ್ಟಿ ಆಗಿದೆ ಅಂತ ಉಪ್ಪು-ಮೆಣಸಿನಕಾಯಿ ನಿವಾಳಿಸಿದರು. ನಮ್ಮ ಮನೆಯವರು, ಮುಂದಿನ ಸೂಜಿ ಬೇಡವೇ ಬೇಡ ಅನ್ನುತ್ತಿದ್ದಾರೆ. ಡಾಕ್ಟರ್ ಫೋನ್ ಎತ್ತುತ್ತಿಲ್ಲ.

ಮಗಳಿಗೆ ತಂದ ಕ್ರೋಸಿನ್ ಸಿರಪ್ ಮನೆಯಲ್ಲಿದೆ. ಎರಡು ಹನಿ ಕೊಡಬಹುದಾ? ಯಾರಾದರೂ ಬೇಗ ಹೇಳಿ, ತುಂಬ ಭಯ ಆಗಿದೆ.

ಹಳೇಪೇಟೆ_ಹುಡುಗ · 9:14

ಅಕ್ಕಾ, ಕ್ರೋಸಿನ್ ಕೊಡಬೇಡಿ. ಮೊದಲು ಆ ಬಾಟಲಿ ಕಪಾಟಿನಲ್ಲಿ ಇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಗುಮ್ಮಟನಗರಿ · 9:16

ಮೂತಿ ಊದಿದೆಯಾ ನೋಡಿ. ಕಣ್ಣಿನ ಸುತ್ತ, ತುಟಿ, ಮೂಗಿನ ಮೇಲೆ. ಮೈ ಮೇಲೆ ಗಂಧೆ ಎದ್ದಿವೆಯಾ? ವಾಂತಿ ಆಗಿದೆಯಾ? ಉಸಿರು ಹೇಗಿದೆ? ತುಟಿ ಎತ್ತಿ ವಸಡಿನ ಬಣ್ಣ ನೋಡಿ, ಗುಲಾಬಿ ಇದೆಯಾ ಬೆಳ್ಳಗಾಗಿದೆಯಾ? ಇಷ್ಟು ಬೇಗ ನೋಡಿ ಹೇಳಿ.

ವಿದ್ಯಾಗಿರಿ_ಮನೆ · 9:22

ಟಾರ್ಚ್ ಹಿಡಿದು ನೋಡಿದೆ. ಮೂತಿ ಊದಿಲ್ಲ. ಗಂಧೆ ಇಲ್ಲ. ವಾಂತಿ ಇಲ್ಲ. ವಸಡು ಗುಲಾಬಿ ಬಣ್ಣವೇ ಇದೆ. ಹೆಸರು ಕರೆದರೆ ತಲೆ ಎತ್ತಿ ಬಾಲ ಅಲ್ಲಾಡಿಸುತ್ತದೆ, ಮತ್ತೆ ಮಲಗುತ್ತದೆ. ನೀರು ಸ್ವಲ್ಪ ಕುಡಿಯಿತು.

ಗುಮ್ಮಟನಗರಿ · 9:24

ಹಾಗಾದರೆ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಬಾಲ ಅಲ್ಲಾಡಿಸುತ್ತಿದೆ ಅಂದರೆ ಒಳ್ಳೆಯದು. ಜಮಖಂಡಿ ಕಾಕಾ ಬಂದರೆ ಸರಿಯಾಗಿ ಹೇಳುತ್ತಾರೆ. ಅವರು ದನದ ದವಾಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು.

ಜಮಖಂಡಿ_ಕಾಕಾ · 9:41

ತಂಗೀ, ಊಟಕ್ಕೆ ಕೂತಿದ್ದೆ, ಈಗ ನೋಡಿದೆ.

ನೀನು ಹೇಳಿದ್ದನ್ನು ಕೇಳಿದರೆ ಇದು ಮಾಮೂಲು. ಲಸಿಕೆ ಅಂದರೆ ಮೈಗೆ ರೋಗದ ಪರಿಚಯ ಮಾಡಿಸುವುದು. ಸೆವೆನ್ ಇನ್ ಒನ್‌ನಲ್ಲಿ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್‌ನಂಥ ರೋಗಗಳಿಗೆ ಬಲ ಕುಗ್ಗಿಸಿದ ಜೀವಂತ ವೈರಸ್ ಇರುತ್ತದೆ. ಅದರ ಜೊತೆ ಇಲಿಜ್ವರದ ಸತ್ತ ರೋಗಾಣುವಿನ ಭಾಗ. ಮೈ ಅದನ್ನು ಗುರುತಿಸಿ ಕೆಲಸ ಶುರು ಮಾಡಿದಾಗ ಸಣ್ಣ ಜ್ವರ, ಮೈಕೈ ನೋವು, ಊಟ ಬೇಡ ಅನ್ನಿಸುವುದು, ನಿದ್ದೆ, ಇವೆಲ್ಲ ಬರುತ್ತವೆ. ಮಕ್ಕಳಿಗೆ ಸೂಜಿ ಮಾಡಿಸಿದ ದಿನ ರಾತ್ರಿ ಹೇಗಿರುತ್ತದೆ, ನೀನೇ ತಾಯಿ, ನಿನಗೆ ಗೊತ್ತು. ಸಾಮಾನ್ಯವಾಗಿ 24 ಗಂಟೆ, ಹೆಚ್ಚೆಂದರೆ 48 ಗಂಟೆ. ಅಷ್ಟರಲ್ಲಿ ಏಳಬೇಕು. ಏಳದಿದ್ದರೆ ಅದು ಬೇರೆ ಏನೋ, ತೋರಿಸಲೇಬೇಕು.

ಕಿವಿ ಮುಟ್ಟಿ ಜ್ವರ ಅಳೆಯಬೇಡ. ನಾಯಿಯ ಮೈ ನಮ್ಮದಕ್ಕಿಂತ ಬಿಸಿಯೇ ಇರುತ್ತದೆ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವಕ್ಕೆ ಸರಿಯಾದ ಲೆಕ್ಕ. ಥರ್ಮಾಮೀಟರ್ ಇದ್ದರೆ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಹಿಂಬದಿಯಲ್ಲಿ ಇಟ್ಟು ನೋಡು. 103ರ ಆಸುಪಾಸು ಇದ್ದರೆ ಕಾಯಬಹುದು. 104 ಆದರೆ ರಾತ್ರಿಯೇ ಯಾರಾದರೂ ಡಾಕ್ಟರನ್ನು ಎಬ್ಬಿಸು.

ಕ್ರೋಸಿನ್ ಬಗ್ಗೆ ಆ ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ಅದರಲ್ಲಿರುವ ಪ್ಯಾರಾಸಿಟಮಾಲ್ ಸ್ವಲ್ಪ ಹೆಚ್ಚಾದರೂ ನಾಯಿಯ ಪಿತ್ತಜನಕಾಂಗಕ್ಕೆ ಏಟು. ಎರಡೂವರೆ ಕೆಜಿ ಮರಿಗೆ ಎಷ್ಟು ಹನಿ ಹೆಚ್ಚು ಅಂತ ಮನೆಯಲ್ಲಿ ಅಂದಾಜು ಮಾಡಲು ಆಗುವುದಿಲ್ಲ. ಐಬುಪ್ರೊಫೇನ್ ಅಂತೂ ಇನ್ನೂ ಕೆಟ್ಟದ್ದು, ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ಹಾಳು.

ಒಂದು ಮಾತ್ರ ನೆನಪಿಡು. ಸಣ್ಣ ಮರಿ ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಇರಬಾರದು, ಸಕ್ಕರೆ ಅಂಶ ಇಳಿಯುತ್ತದೆ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಕೋಳಿ ಬೇಯಿಸಿದ ನೀರು, ಇಲ್ಲದಿದ್ದರೆ ಮೊಸರು ಕಲಸಿ, ಬೆರಳಿನಿಂದ ತುಟಿಗೆ ಹಚ್ಚು. ತಾನೇ ನೆಕ್ಕಿದರೆ ಸಾಕು. ಬಾಯಿ ತೆರೆದು ಸುರಿಯಬೇಡ.

ಲೋಕಾಪುರ_ಮೇಷ್ಟ್ರು · 9:50

ಕಾಕಾರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. 2005ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಲಸಿಕೆ ಪಡೆದ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ತೆಗೆದು ನೋಡಿದರು. ಮೂರು ದಿನದೊಳಗೆ ಏನಾದರೂ ತೊಂದರೆ ದಾಖಲಾದದ್ದು ಪ್ರತಿ 10,000 ನಾಯಿಗೆ ಸುಮಾರು 38. ಅಂದರೆ ಸಾವಿರಕ್ಕೆ ನಾಲ್ಕು ಕೂಡ ಇಲ್ಲ. ಆದರೆ ಎರಡು ವಿಷಯ ಗಮನಿಸಿ. ನಾಯಿ ಚಿಕ್ಕದಿದ್ದಷ್ಟೂ ತೊಂದರೆ ಜಾಸ್ತಿ. ಒಂದೇ ದಿನ ಹೆಚ್ಚು ಸೂಜಿ ಕೊಟ್ಟಷ್ಟೂ ಜಾಸ್ತಿ. ಹತ್ತು ಕೆಜಿಗಿಂತ ಕಡಿಮೆ ತೂಕದ ನಾಯಿಗಳಲ್ಲಿ ಇದು ಚೆನ್ನಾಗಿ ಕಂಡಿತ್ತು.

ಹೊಲಮನಿ_ತಮ್ಮ · 9:58

ನನಗೆ ಒಂದು ಅರ್ಥ ಆಗುತ್ತಿಲ್ಲ. ಸಾವಿರಕ್ಕೆ ನಾಲ್ಕು ಅಂದರೂ ಆ ನಾಲ್ಕರಲ್ಲಿ ನಮ್ಮದು ಇದ್ದರೆ? ನಮ್ಮದು ಬೀಳಗಿ ಕಡೆ ಹೊಲ. ಅಪ್ಪನ ಕಾಲದಿಂದ ಕುರಿ ಕಾಯಲು ನಾಯಿ ಸಾಕುತ್ತೇವೆ. ಒಂದಕ್ಕೂ ಇಂಥ ಸೂಜಿ ಮಾಡಿಸಿಲ್ಲ. ಈಗಿರುವ ಕರಿಯ 12 ವರ್ಷದವನು, ಇನ್ನೂ ರಾತ್ರಿ ಎದ್ದು ಬೊಗಳುತ್ತಾನೆ. ಚೆನ್ನಾಗಿದ್ದ ಮರಿಯನ್ನು ಕರೆದುಕೊಂಡು ಹೋಗಿ ಸುಮ್ನೆ ಮಲಗಿಸುವುದು ಯಾಕೆ? ಹಳ್ಳಿ ನಾಯಿಗೆ ರೊಟ್ಟಿಯೇ ಔಷಧ.

ಟಿಳಕವಾಡಿ_ಅಕ್ಕ · 10:03

ತಮ್ಮಾ, ಹೀಗೆ ಹೇಳಿಯೇ ನಾನು ನನ್ನ ಬ್ರೂನೊನನ್ನು ಕಳೆದುಕೊಂಡೆ. ಸ್ವಲ್ಪ ಕೇಳು.

ಮೂರು ವರ್ಷದ ಹಿಂದೆ. ಮೊದಲ ಸೂಜಿ ಆದ ಮೇಲೆ ಎರಡು ದಿನ ಮಲಗಿದ್ದ. ಮನೆಯಲ್ಲಿ ಎಲ್ಲರೂ, ಇನ್ನು ಬೇಡ, ದೊಡ್ಡವನಾಗಲಿ ಅಂದರು. ನಾನೂ ಹೂಂ ಅಂದೆ. ಎರಡನೇದು ತಪ್ಪಿತು, ಮೂರನೇದು ತಪ್ಪಿತು. ಮೂರೂವರೆ ತಿಂಗಳಿದ್ದಾಗ ಒಂದು ಸಂಜೆ ವಾಂತಿ. ಬೆಳಿಗ್ಗೆ ರಕ್ತ ಭೇದಿ, ಆ ವಾಸನೆ ಒಮ್ಮೆ ಬಂದರೆ ಜೀವನಪೂರ್ತಿ ಮರೆಯುವುದಿಲ್ಲ. ನಾಲ್ಕು ದಿನ ಸಲೈನ್ ಹಾಕಿಸಿದೆವು. ಐದನೇ ದಿನ ನನ್ನ ಮಡಿಲಲ್ಲೇ ಹೋದ. ಪಾರ್ವೊ. ಸೂಜಿ ಮಾಡಿಸಿದಾಗ ಎರಡು ದಿನ ಮಲಗಿದ್ದಕ್ಕೆ ನಾನು ಅತ್ತಿದ್ದೆ. ಆ ಎರಡು ದಿನ ಇದರ ಮುಂದೆ ಏನೂ ಅಲ್ಲ.

ಹೊಲಮನಿ_ತಮ್ಮ · 10:07

ಅಕ್ಕಾ, ಕೇಳಿ ಬೇಜಾರಾಯಿತು. ನಿಮ್ಮ ಮನಸ್ಸು ನೋಯಿಸಲು ಹೇಳಲಿಲ್ಲ. ಆದರೆ ಒಂದು ಸೂಜಿ ಆಗಿತ್ತಲ್ಲ, ಆದರೂ ಬಂತಲ್ಲ? ಹಾಗಾದರೆ ಸೂಜಿಯಿಂದ ಏನು ಉಪಯೋಗ?

ಜಮಖಂಡಿ_ಕಾಕಾ · 10:19

ಒಳ್ಳೆಯ ಪ್ರಶ್ನೆ ಕೇಳಿದೆ ತಮ್ಮಾ. ನಾನು ನೌಕರಿಯಲ್ಲಿದ್ದಾಗ ಬಹಳ ಮಂದಿ ಇದನ್ನೇ ಕೇಳುತ್ತಿದ್ದರು.

ಕರು ಹುಟ್ಟಿದ ಕೂಡಲೇ ಗಿಣ್ಣದ ಹಾಲು ಕುಡಿಸುತ್ತೀಯಲ್ಲ, ಯಾಕೆ? ತಾಯಿಯ ರೋಗ ತಡೆಯುವ ಶಕ್ತಿ ಅದರಲ್ಲಿ ಬರುತ್ತದೆ. ನಾಯಿಮರಿಗೂ ಅಷ್ಟೇ. ಆದರೆ ತಾಯಿ ಕೊಟ್ಟ ಆ ಶಕ್ತಿ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆಯನ್ನೂ ಅದು ರೋಗ ಅಂತ ತಿಳಿದು ಹೊಡೆದು ಹಾಕುತ್ತದೆ. ಲಸಿಕೆ ಹತ್ತುವುದಿಲ್ಲ. ಅದು ಒಂದು ಮರಿಯಲ್ಲಿ 8 ವಾರಕ್ಕೆ ಇಳಿಯುತ್ತದೆ, ಇನ್ನೊಂದರಲ್ಲಿ 14 ವಾರಕ್ಕೆ. ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಅದಕ್ಕೇ 6-8 ವಾರದಿಂದ ಶುರು ಮಾಡಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ ಹೋಗಿ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವ ಹಾಗೆ ನೋಡಿಕೊಳ್ಳುವುದು. ಟಿಳಕವಾಡಿಯವರ ಮರಿಗೆ ಆದ ಒಂದು ಸೂಜಿ ಹತ್ತದೇ ಹೋಗಿರಬಹುದು. ಮುಂದಿನದು ಹತ್ತುತ್ತಿತ್ತು.

ಇನ್ನು ನಿನ್ನ ಕರಿಯ. ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ಕರಿಯನ ಜೊತೆ ಹುಟ್ಟಿದ ಮರಿಗಳು ಎಷ್ಟು? ಎಷ್ಟು ಉಳಿದವು?

ಇಳಕಲ್_ನೇಕಾರ · 10:22

ಕಾಕಾ ಸರಿಯಾದ ಜಾಗಕ್ಕೆ ಕೈ ಹಾಕಿದರು.

ಹೊಲಮನಿ_ತಮ್ಮ · 10:31

ಆರು ಹುಟ್ಟಿದ್ದವು. ಉಳಿದದ್ದು ಎರಡು. ಬಾಕಿ ನಾಲ್ಕು ಒಂದೇ ಮಳೆಗಾಲದಲ್ಲಿ ಹೋದವು. ರಕ್ತ ಭೇದಿಯೇ ಆಗಿತ್ತು. ಅವ್ವ, ಹುಳ ಆಗಿದೆ ಅಂತ ಬೇವಿನ ಸೊಪ್ಪು ಅರೆದು ಹಾಕಿದ್ದಳು. ಕರಿಯ ಬದುಕಿದ್ದಾನೆ ಅಂತ ಹೇಳುತ್ತೇನೆ, ಆ ನಾಲ್ಕನ್ನು ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆದರೂ ಕಾಕಾರೇ, ಒಂದು ಸೂಜಿಗೆ ಇಷ್ಟು ದುಡ್ಡು ಅಂದರೆ, ಮೂರು ಸಲ, ನಾಲ್ಕು ಮರಿ ಇದ್ದರೆ ಹೊಲದವರು ಎಲ್ಲಿಂದ ತರಬೇಕು? ಅದನ್ನೂ ಯೋಚನೆ ಮಾಡಿ.

ಜಮಖಂಡಿ_ಕಾಕಾ · 10:36

ಅದು ನಿಜವಾದ ಮಾತು. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಕೊನೆಯದೊಂದು, 16 ವಾರ ದಾಟಿದ ಮೇಲೆ ಕೊಡಿಸುವುದನ್ನಾದರೂ ಬಿಡಬೇಡ. ಒಂದೇ ಸೂಜಿಗೆ ದುಡ್ಡಿದೆ ಅಂದರೆ ಹತ್ತುವ ವಯಸ್ಸಿನಲ್ಲಿ ಕೊಡಿಸು. ಅಲ್ಲಿಯವರೆಗೆ ಮರಿ ಬಯಲಿಗೆ ಬಿದ್ದಂತೆಯೇ, ಅದೂ ಗೊತ್ತಿರಲಿ. ರೇಬೀಸ್ ಸೂಜಿ ಮಾತ್ರ ಬಿಡಲೇಬಾರದು. ಸರ್ಕಾರಿ ಪಶು ದವಾಖಾನೆಯಲ್ಲಿ ಕೇಳು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಉಚಿತ ಶಿಬಿರ ಇಡುತ್ತಾರೆ.

ಗುಮ್ಮಟನಗರಿ · 10:44

ನಾನು ಅಷ್ಟು ಪ್ರಶ್ನೆ ಯಾಕೆ ಕೇಳಿದೆ ಅಂದರೆ, ನಮ್ಮ ಮನೆಯಲ್ಲಿ ನಿಜವಾದ ಅಲರ್ಜಿ ಆಗಿತ್ತು. ಸ್ಪಿಟ್ಜ್ ಮರಿ, ಹೆಸರು ಬೆಣ್ಣಿ. ಎರಡನೇ ಡೋಸ್ ದಿನ. ವಿಜಯಪುರದಲ್ಲಿ ಸೂಜಿ ಮಾಡಿಸಿ ಸ್ಟೇಷನ್ ರಸ್ತೆಯಲ್ಲಿ ತರಕಾರಿ ತೆಗೆದುಕೊಂಡು ಮನೆಗೆ ಬಂದೆವು. ಒಂದು ಗಂಟೆ ಆಗಿರಬೇಕು. ಮೂತಿ ಕೆರೆದುಕೊಳ್ಳಲು ಶುರು ಮಾಡಿತು. ನೋಡ ನೋಡುತ್ತಾ ಕಣ್ಣು ಸಣ್ಣಗಾಯಿತು, ತುಟಿ ದಪ್ಪಗಾಯಿತು, ಮೂತಿ ಚೌಕಾಕಾರ ಆಯಿತು. ಹೊಟ್ಟೆಯ ಮೇಲೆ ಕೂದಲು ಸರಿಸಿದರೆ ಪಿತ್ತದ ಗಂಧೆ ಎದ್ದ ಹಾಗೆ ಕೆಂಪು. ಒಂದು ವಾಂತಿ ಆಯಿತು.

ಸ್ಕೂಟಿ ಮೇಲೆ ತಿರುಗಿ ಓಡಿದೆವು. ಡಾಕ್ಟರ್ ಎರಡು ಸೂಜಿ ಕೊಟ್ಟರು, ಒಂದು ಅಲರ್ಜಿಗೆ, ಒಂದು ಸ್ಟೆರಾಯ್ಡ್. ಎರಡು ತಾಸು ಅಲ್ಲೇ ಕೂರಿಸಿದರು. ಸಂಜೆಗೆ ಮೂತಿ ಇಳಿಯಿತು. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ. ಸೂಜಿ ಆದ ಮೇಲೆ ಅರ್ಧ ಗಂಟೆ ದವಾಖಾನೆ ಕಟ್ಟೆ ಬಿಟ್ಟು ಕದಲಬೇಡಿ. ತರಕಾರಿ ನಾಳೆಯೂ ಸಿಗುತ್ತದೆ.

ಗೋಕಾಕ_ಕರದಂಟು · 10:47

ಆಮೇಲೆ ಮೂರನೇ ಡೋಸ್ ಕೊಡಿಸಿದಿರಾ?

ಗುಮ್ಮಟನಗರಿ · 10:52

ಕೊಡಿಸಿದೆವು. ಬೇರೆ ಕಂಪನಿಯದು ಬಳಸಿದರು. ಇಲಿಜ್ವರದ ಭಾಗ ಇಲ್ಲದ್ದು ಕೊಟ್ಟರು, ರೇಬೀಸ್ ಅನ್ನು ಬೇರೆ ದಿನಕ್ಕೆ ಇಟ್ಟರು. ಮೊದಲೇ ಅಲರ್ಜಿ ಔಷಧ ಕೊಟ್ಟು, ಒಂದು ತಾಸು ಕಣ್ಣೆದುರು ಇಟ್ಟುಕೊಂಡರು. ಏನೂ ಆಗಲಿಲ್ಲ. ಈಗ ಬೆಣ್ಣಿಗೆ ಐದು ವರ್ಷ. ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಸಿದ್ದೇವೆ.

ಗೋಕಾಕ_ಕರದಂಟು · 10:55

ಅರ್ಧ ಡೋಸ್ ಕೊಡಿಸಿದ್ದರೆ ಆಗುತ್ತಿರಲಿಲ್ಲವಾ? ಎರಡು ಕೆಜಿ ಮರಿಗೂ ಒಂದು ಎಂಎಲ್, 40 ಕೆಜಿ ಜರ್ಮನ್ ಶೆಫರ್ಡ್‌ಗೂ ಒಂದು ಎಂಎಲ್. ನನಗೆ ಇದು ಸರಿ ಅನ್ನಿಸುವುದಿಲ್ಲ.

ಜಮಖಂಡಿ_ಕಾಕಾ · 11:01

ಅರ್ಧ ಡೋಸ್ ಬೇಡವೇ ಬೇಡ. ಜ್ವರದ ಮಾತ್ರೆಯನ್ನು ತೂಕ ನೋಡಿ ಕೊಡುತ್ತೇವೆ, ಯಾಕೆಂದರೆ ಅದು ಇಡೀ ಮೈಗೆ ಹರಡಬೇಕು. ಲಸಿಕೆ ಹಾಗಲ್ಲ. ರೋಗ ತಡೆಯುವ ಕಣಗಳನ್ನು ಎಬ್ಬಿಸಲು ಇಂತಿಷ್ಟು ಬೇಕೇ ಬೇಕು. ಅರ್ಧ ಕೊಟ್ಟರೆ ರಕ್ಷಣೆಯ ಭರವಸೆ ಇಲ್ಲ. ಅಲರ್ಜಿ ಇದ್ದವಕ್ಕೆ ಅರ್ಧದಲ್ಲೂ ಆಗಬಹುದು.

ತೀವ್ರವಾದ ಅಲರ್ಜಿ ಬಗ್ಗೆ ಒಂದು ಮಾತು. ನಾಯಿಯಲ್ಲಿ ಅದು ಯಾವಾಗಲೂ ಮೂತಿ ಊದಿಯೇ ಬರುತ್ತದೆ ಅಂತಿಲ್ಲ. ಇದ್ದಕ್ಕಿದ್ದಂತೆ ವಾಂತಿ, ಭೇದಿ, ಕಾಲು ಸೋತು ಬೀಳುವುದು, ವಸಡು ಬೆಳ್ಳಗಾಗುವುದು, ಉಸಿರು ಕಟ್ಟುವುದು. ಹೀಗೆ ಕಂಡರೆ ಇಲ್ಲಿ ಬಂದು ಕೇಳುತ್ತಾ ಕೂರಬೇಡಿ, ಎತ್ತಿಕೊಂಡು ಓಡಿ. ಆಗ ಬೇಕಾಗುವುದು ಅಡ್ರಿನಲಿನ್ ಮತ್ತು ಸಲೈನ್. ಅದು ಮನೆಯಲ್ಲಿ ಇರುವುದಿಲ್ಲ.

ಟಿಳಕವಾಡಿ_ಅಕ್ಕ · 11:08

ಇದಕ್ಕೇ ನಾನು ಮನೆಯಲ್ಲಿ ಚುಚ್ಚುವವರನ್ನು ಕಂಡರೆ ಜಗಳ ಮಾಡುತ್ತೇನೆ. ನಮ್ಮ ಬೆಳಗಾವಿಯಲ್ಲಿ ಪಕ್ಕದ ಓಣಿಯವರು ದುಡ್ಡು ಉಳಿಸಲು ಔಷಧ ಅಂಗಡಿಯಿಂದ ವಯಲ್ ತಂದರು. ಏಪ್ರಿಲ್ ತಿಂಗಳು. ಪ್ಲಾಸ್ಟಿಕ್ ಚೀಲದಲ್ಲಿ, ಬೈಕಿನ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಊರೆಲ್ಲ ಸುತ್ತಿ ಸಂಜೆ ತಾವೇ ಚುಚ್ಚಿದರು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಿಸಿಯಾದರೆ ಒಳಗಿನ ವೈರಸ್ ಸಾಯುತ್ತದೆ, ಚುಚ್ಚಿದ್ದು ಬರೀ ನೀರಿನ ಹಾಗೆ. ಮರಿ ಮಲಗಲಿಲ್ಲ, ನಮಗೆ ಯಾವ ಅಡ್ಡ ಪರಿಣಾಮವೂ ಆಗಲಿಲ್ಲ ಅಂತ ಖುಷಿಯಾಗಿದ್ದರು. ಪಾಪ, ಎರಡು ತಿಂಗಳಿಗೆ ಆ ಮರಿಗೆ ಡಿಸ್ಟೆಂಪರ್ ಬಂತು.

ನಮ್ಮ ಮನೆ ವ್ಯಾಕ್ಸಿನ್ ಡಿಪೋ ಮೈದಾನದ ಹತ್ತಿರವೇ. ಒಂದು ಕಾಲದಲ್ಲಿ ಅಲ್ಲಿ ಮನುಷ್ಯರ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಸಿಡುಬು ಭೂಮಿಯಿಂದಲೇ ಹೋಗಿದೆ, 1980ರಲ್ಲಿ ಘೋಷಣೆ ಆಯಿತು. ದಿನಾ ಅಲ್ಲಿ ವಾಕಿಂಗ್ ಹೋಗುವ ಮಂದಿಯೇ ಲಸಿಕೆ ಬೇಡ ಅಂದರೆ ನನಗೆ ತಡೆಯಲು ಆಗುವುದಿಲ್ಲ.

ಇಳಕಲ್_ನೇಕಾರ · 11:12

ಅಕ್ಕಾ, ಫ್ರಿಜ್‌ನ ಐಸ್ ಪೆಟ್ಟಿಗೆಯಲ್ಲಿ ಇಟ್ಟರೂ ಕೆಡುತ್ತದೆ ಅಲ್ವಾ? ನಮ್ಮ ಕಡೆ ಒಬ್ಬರು ಹಾಗೆ ಇಟ್ಟಿದ್ದರು.

ಜಮಖಂಡಿ_ಕಾಕಾ · 11:14

ಹೌದು. ಇಲಿಜ್ವರದ್ದು, ರೇಬೀಸ್‌ದು ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಇನ್ನು ನಾನು ಮಲಗುತ್ತೇನೆ. ತಂಗೀ, ಬೆಳಿಗ್ಗೆ ಬರೆ.

ವಿದ್ಯಾಗಿರಿ_ಮನೆ · 11:20

ಕಾಕಾ, ಮೊಸರನ್ನ ನಾಲ್ಕು ಬೆರಳು ನೆಕ್ಕಿತು. ಜ್ವರ 102.9 ಇದೆ. ಮಗಳು ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದಾಳೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಮುಧೋಳ_ಓಟ · ಭಾನುವಾರ, ಬೆಳಿಗ್ಗೆ 6:35

ಈಗ ನೋಡಿದೆ. ಮುಧೋಳ ಬೆರಕೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಈ ತಳಿ ಇದೆ. ಬಹಳ ಮಂದಿ, ಮುಧೋಳ ನಾಯಿಗೆ ಸೂಜಿ ಒಗ್ಗುವುದಿಲ್ಲ ಅಂತ ಹೇಳುತ್ತಾರೆ. ಅದು ತಪ್ಪು ಕಲ್ಪನೆ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಓಟದ ನಾಯಿಗಳಿಗೆ ಆಪರೇಷನ್ ಹೊತ್ತಿನಲ್ಲಿ ಅರಿವಳಿಕೆ ಕೊಡುವಾಗ ಜೋಪಾನ ಮಾಡಬೇಕು, ಅದು ನಿಜ. ಅದನ್ನೇ ಮಂದಿ ಎಲ್ಲ ಸೂಜಿಗೂ ಅನ್ವಯಿಸಿಬಿಟ್ಟರು. ಲಸಿಕೆಯ ವಿಷಯದಲ್ಲಿ ಇವು ಬೇರೆ ನಾಯಿಗಳ ಹಾಗೆಯೇ.

ಆದರೆ ತೆಳ್ಳನೆ ಚರ್ಮ ಅಲ್ವಾ, ಚುಚ್ಚಿದ ಜಾಗದಲ್ಲಿ ಗಂಟು ಆದರೆ ಬೇಗ ಕಣ್ಣಿಗೆ ಕಾಣುತ್ತದೆ. ಚಿಗರಿಗೂ ಒಂದೆರಡು ದಿನದಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಬಹುದು. ಹಿಸುಕಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಎರಡು-ಮೂರು ವಾರದಲ್ಲಿ ತಾನೇ ಕರಗುತ್ತದೆ. ತಿಂಗಳಾದರೂ ಬೆಳೆಯುತ್ತಿದ್ದರೆ, ಬಿಸಿಯಾಗಿ ಕೀವು ಕಂಡರೆ ತೋರಿಸಿ.

ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು. ಈ ತಳಿ ಬಗ್ಗೆ ಏನೇ ಅನುಮಾನ ಇದ್ದರೂ ಅಲ್ಲಿ ಹೋಗಿ ಕೇಳಬಹುದು.

ಹಳೇಪೇಟೆ_ಹುಡುಗ · 7:02

ಅಣ್ಣಾ, ಅಂಚೆ ಚೀಟಿ ಮೇಲೆ ಮುಧೋಳ ನಾಯಿ ಬಂದಿತ್ತು ಅನ್ನುವುದು ನಿಜವಾ?

ಮುಧೋಳ_ಓಟ · 7:10

ನಿಜ. 2005ರಲ್ಲಿ. ರಾಜಪಾಳ್ಯಂ, ರಾಂಪುರ, ಹಿಮಾಲಯದ ಕುರಿ ನಾಯಿ, ಅವುಗಳ ಜೊತೆ ನಮ್ಮದು. ಸೈನ್ಯದವರೂ ನಮ್ಮ ಕಡೆಯಿಂದ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿದ್ದಾರೆ. ಅಲ್ಲಿಗೆ ಹೋದ ಮರಿಗಳಿಗೂ ಲಸಿಕೆ ತಪ್ಪಿಲ್ಲ. ನಮ್ಮ ಊರಿನಲ್ಲಿ ಉಳಿದವಕ್ಕೆ ಮಾತ್ರ ಯಾಕೆ ತಪ್ಪಬೇಕು?

ವಿದ್ಯಾಗಿರಿ_ಮನೆ · 8:15

ಎದ್ದಿದೆ! ಬೆಳಿಗ್ಗೆ 6ಕ್ಕೆ ಮಗಳ ಮುಖ ನೆಕ್ಕಿ ಎಬ್ಬಿಸಿತು. ಅರ್ಧ ಬಟ್ಟಲು ಹಾಲನ್ನ ತಿಂದಿತು. ಅತ್ತೆಯವರು ದೃಷ್ಟಿ ತೆಗೆದದ್ದರಿಂದಲೇ ಅಂತ ಹೇಳುತ್ತಿದ್ದಾರೆ, ಹೇಳಲಿ, ಅವರೂ ರಾತ್ರಿ ಎರಡು ಸಲ ಎದ್ದು ನೋಡಿದ್ದಾರೆ. ಇನ್ನೂ ಸ್ವಲ್ಪ ಮಂಕಾಗಿದೆ, ಕತ್ತಿನ ಹತ್ತಿರ ನೋವಿದೆ. ಇವತ್ತು ಭಾನುವಾರ, ಸ್ನಾನ ಮಾಡಿಸುವ ದಿನ. ಮಾಡಿಸಬಹುದಾ?

ಗೋಕಾಕ_ಕರದಂಟು · 8:20

ಬೇಡ. ಸ್ನಾನ ಮಾಡಿಸಿದರೆ ಲಸಿಕೆ ತೊಳೆದು ಹೋಗುತ್ತದೆ.

ಲೋಕಾಪುರ_ಮೇಷ್ಟ್ರು · 8:26

ಚರ್ಮದ ಕೆಳಗೆ ಹೋದ ಔಷಧ ಮೇಲೆ ನೀರು ಹಾಕಿದರೆ ಹೇಗೆ ತೊಳೆದು ಹೋಗುತ್ತದೆ ಅಣ್ಣಾ? ಹಾಗಲ್ಲ ಅದು.

ಗೋಕಾಕ_ಕರದಂಟು · 8:29

ನಮ್ಮ ಡಾಕ್ಟರೇ ಹತ್ತು ದಿನ ಸ್ನಾನ ಬೇಡ ಅಂದಿದ್ದರು ಮೇಷ್ಟ್ರೇ. ಅವರೇನು ಸುಳ್ಳು ಹೇಳುತ್ತಾರಾ?

ಜಮಖಂಡಿ_ಕಾಕಾ · 8:48

ಜಗಳ ಬೇಡ. ಬೇಡ ಅನ್ನುವುದು ಸರಿ, ಕಾರಣ ಬೇರೆ. ಜ್ವರ ಇರುವ ಸಣ್ಣ ಮರಿಗೆ ತಣ್ಣೀರು ಬಿದ್ದರೆ ಮೈ ಸೋಲುತ್ತದೆ. ಚುಚ್ಚಿದ ಜಾಗ ತಿಕ್ಕಿದರೆ ನೋವು. ಪೂರ್ತಿ ಚೇತರಿಸಿಕೊಳ್ಳಲಿ, ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಮಾಡಿಸು ತಂಗೀ.

ಅದಕ್ಕಿಂತ ಮುಖ್ಯ, ಬೀದಿಯಲ್ಲಿ ಬಿಡಬೇಡ. ಸೂಜಿ ಆಯಿತು, ಇನ್ನು ಭಯ ಇಲ್ಲ ಅಂತ ಮರುದಿನವೇ ಹೊರಗೆ ಬಿಡುತ್ತಾರೆ. ಒಂದೇ ಸೂಜಿಗೆ ರಕ್ಷಣೆ ಪೂರ್ತಿ ಆಗುವುದಿಲ್ಲ. ಇನ್ನೊಂದು ಸಂಗತಿ ಗೊತ್ತಿರಲಿ. ಪಾರ್ವೊ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಲು ಸುಮಾರು 3ರಿಂದ 7 ದಿನ ಬೇಕು. ಮೊದಲೇ ತಗುಲಿದ ಮರಿಗೆ ಇವತ್ತು ಸೂಜಿ ಮಾಡಿಸಿದರೆ, ನಾಲ್ಕು ದಿನಕ್ಕೆ ರಕ್ತ ಭೇದಿ ಶುರುವಾಗುತ್ತದೆ. ಮಂದಿ, ಸೂಜಿಯಿಂದಲೇ ಆಯಿತು ಅನ್ನುತ್ತಾರೆ. ನನ್ನ ಮೇಲೇ ಎಷ್ಟು ಸಲ ಅಂದಿದ್ದಾರೆ. ಹಾಗಾಗಿ ಈ ವಾರ ವಾಂತಿ-ಭೇದಿ ಕಂಡರೆ ಅಡ್ಡ ಪರಿಣಾಮ ಅಂತ ಸುಮ್ಮನೆ ಕೂರಬೇಡ, ಅದೇ ದಿನ ತೋರಿಸು.

ನವನಗರ_ಅಪ್ಪ · 9:30

ಮಧ್ಯದಲ್ಲಿ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಎರಡು ತಿಂಗಳ ಮರಿ ಆಡುತ್ತಾ ಮಗನ ಕೈಗೆ ಹಲ್ಲು ತಾಗಿಸಿತು. ಸ್ವಲ್ಪ ರಕ್ತ ಬಂದಿದೆ. ಮರಿಗೆ ಸೆವೆನ್ ಇನ್ ಒನ್ ಆಗಿದೆ. ಹಾಗಾದರೆ ಭಯ ಇಲ್ಲ ಅಲ್ವಾ?

ಜಮಖಂಡಿ_ಕಾಕಾ · 9:37

ಭಯ ಇದೆ ತಮ್ಮಾ. ಸೆವೆನ್ ಇನ್ ಒನ್‌ನಲ್ಲಿ ರೇಬೀಸ್ ಲಸಿಕೆ ಇರುವುದಿಲ್ಲ. ರೇಬೀಸ್‌ದು ಬೇರೆ, ಮೂರು ತಿಂಗಳಿಗೆ ಕೊಡುವುದು. ಮೊದಲು ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳಿ. ಗಡಿಯಾರ ನೋಡಿ ತೊಳಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡ. ಇವತ್ತೇ ಸರ್ಕಾರಿ ದವಾಖಾನೆಗೆ ಮಗನನ್ನು ಕರೆದುಕೊಂಡು ಹೋಗು, ಎಷ್ಟು ಸೂಜಿ ಅಂತ ಅವರು ಹೇಳುತ್ತಾರೆ. ಹಳೇ ಕಾಲದ ಹಾಗೆ ಹೊಟ್ಟೆಗೆ ಚುಚ್ಚುವುದಿಲ್ಲ ಈಗ, ಮಗನಿಗೆ ಹೇಳಿ ಧೈರ್ಯ ಕೊಡು. ಮರಿ ಎಂಬ ಸಲಿಗೆ ಬೇಡ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲ ಅಂದರೂ ನಡೆಯುತ್ತದೆ.

ನವನಗರ_ಅಪ್ಪ · 9:39

ಹೊರಟೆವು ಕಾಕಾ.

ಹೊಲಮನಿ_ತಮ್ಮ · 10:05

ನನಗೂ ಇದು ಗೊತ್ತಿರಲಿಲ್ಲ. ಕರಿಯನಿಗೂ ರೇಬೀಸ್ ಸೂಜಿ ಆಗಿಲ್ಲ. ಮನೆಯಲ್ಲಿ ಅಣ್ಣನ ಮಕ್ಕಳು ಅವನ ಮೇಲೆ ಬಿದ್ದು ಆಡುತ್ತವೆ. 12 ವರ್ಷದ ನಾಯಿಗೆ ಕೊಡಬಹುದಾ? ವಯಸ್ಸಾದವನಿಗೆ ಏನಾದರೂ ಆದರೆ?

ಜಮಖಂಡಿ_ಕಾಕಾ · 10:12

ಕೊಡಬಹುದು. ಊಟ ಚೆನ್ನಾಗಿ ಮಾಡುತ್ತಿದ್ದಾನೆ, ಜ್ವರ ಇಲ್ಲ ಅಂದರೆ ವಯಸ್ಸು ಅಡ್ಡಿಯಿಲ್ಲ. ಒಂದು ದಿನ ಕಾಲು ಕುಂಟಬಹುದು, ಮಲಗಬಹುದು. ಊರಿನ ದವಾಖಾನೆಗೆ ತರಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ ಕೇಳು, ಪಶು ಸಂಜೀವಿನಿ ಗಾಡಿಯ ನಂಬರ್ ಅದು.

ವಿದ್ಯಾಗಿರಿ_ಮನೆ · ಮಂಗಳವಾರ, ಸಂಜೆ 6:40

ಚಿಗರಿ ಈಗ ಮೊದಲಿನ ಹಾಗೆ. ಅತ್ತೆಯವರ ಚಪ್ಪಲಿ ಒಂದು ಹೋಯಿತು. ಮುಧೋಳದ ಅಣ್ಣ ಹೇಳಿದ ಹಾಗೆಯೇ ಕಡಲೆಕಾಳಿನಷ್ಟು ಗಂಟು ಬಂದಿದೆ, ಮುಟ್ಟಿದರೆ ನೋವಿಲ್ಲ. ಹಿಸುಕುತ್ತಿಲ್ಲ.

ಇವತ್ತು ಡಾಕ್ಟರ್ ಸಿಕ್ಕರು. ಮೊದಲೇ ಹೇಳಬೇಕಿತ್ತು ಅಲ್ವಾ ಅಂತ ನೇರವಾಗಿ ಕೇಳಿದೆ. ಹೌದು, ಹೇಳಬೇಕಿತ್ತು ಅಂದರು. ಒಂದು ಮಾತು ಹೇಳಿ ಕಳಿಸಿದ್ದರೆ ಅವತ್ತು ರಾತ್ರಿ ಆ ಸಿರಪ್ ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಕಾರ್ಡಿನಲ್ಲಿ ಜ್ವರ ಬಂದದ್ದನ್ನು ಬರೆಸಿದ್ದೇನೆ.

ನಮ್ಮ ಮನೆಯವರು ಇನ್ನೂ ಎರಡನೇದಕ್ಕೆ ಒಪ್ಪಿಲ್ಲ. ಟಿಳಕವಾಡಿ ಅಕ್ಕ ಬರೆದದ್ದನ್ನು ಓದಿಸಿದೆ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಮರಿಯನ್ನು ಎತ್ತಿಕೊಂಡರು.

ಟಿಳಕವಾಡಿ_ಅಕ್ಕ · 6:58

ಓದಿಸಿದ್ದು ಒಳ್ಳೆಯದಾಯಿತು. ಬ್ರೂನೊ ಹೋದ ಮೇಲೆ ಒಂದು ವರ್ಷ ಬೇರೆ ಮರಿ ತರಲಿಲ್ಲ. ಪಾರ್ವೊ ವೈರಸ್ ಮನೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್‌ಗೆ ಸಾಯುವುದಿಲ್ಲ. ಬ್ಲೀಚಿಂಗ್ ಪೌಡರ್ ನೀರು ಹಾಕಿ ಎಷ್ಟು ಸಲ ತೊಳೆದೆನೋ. ಈಗ ಇರುವವಳಿಗೆ ಎಲ್ಲ ಸೂಜಿ ಆಗಿವೆ. ಪ್ರತಿ ಸಲ ಒಂದು ದಿನ ಮಲಗುತ್ತಾಳೆ, ನಾನು ಅವತ್ತು ರಜೆ ಹಾಕುತ್ತೇನೆ.

ವಿದ್ಯಾಗಿರಿ_ಮನೆ · ಮೂರು ವಾರದ ಮೇಲೆ, ಶನಿವಾರ, ಮಧ್ಯಾಹ್ನ 12:05

ಎರಡನೇ ಡೋಸ್ ಆಯಿತು. ಮನೆಯವರೇ ಕರೆದುಕೊಂಡು ಬಂದರು. ಈಗ ದವಾಖಾನೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅರ್ಧ ಗಂಟೆ ಆಗಲು ಇನ್ನೂ ಎಂಟು ನಿಮಿಷ ಇದೆ. ಐದೈದು ನಿಮಿಷಕ್ಕೆ ತುಟಿ ಎತ್ತಿ ವಸಡು ನೋಡುತ್ತಿದ್ದಾರೆ, ಚಿಗರಿಗೆ ಸಾಕಾಗಿದೆ.

ಹೊಲಮನಿ_ತಮ್ಮ · 12:20

ಕರಿಯನಿಗೂ ಮೊನ್ನೆ ರೇಬೀಸ್ ಸೂಜಿ ಆಯಿತು ಅಕ್ಕಾ. ಸಂಜೆವರೆಗೆ ಮಲಗಿದ್ದ. ರಾತ್ರಿ ಎದ್ದು ಬೊಗಳಿದ.